ಹಾಡದ ಕಾಕಾನ ಮೇಳ

ನಮ್ಮ ಕಾಕಾ, ಅಪ್ಪನ ತಮ್ಮ, ಜೀವಮಾನದಲ್ಲಿ ಒಂದು ಸಾಲು ಹಾಡಿದವನಲ್ಲ. ಆದರೂ ಹುಕ್ಕೇರಿ ಸುತ್ತಲಿನ ಯಾವ ಭಜನಾ ಮೇಳವನ್ನೇ ಕೇಳಿ, "ನಮ್ಮ ಗುರುಗಳು ಅವರ್ರಿ" ಎನ್ನುತ್ತಿದ್ದರು! ಹಾಡಲು ಬಾರದವನು ಹಾಡಿಸುವುದನ್ನು ಕಲಿಸುವುದೆಂದರೆ ಹೇಗೆ? ಹಾಗೆ ಕೇಳಿದರೆ ಅವನಿಗೆ ಸಿಟ್ಟು. "ಹಾಡವ್ರು ಊರತುಂಬ ಅದಾರ. ಕೇಳವ್ರು ಯಾರದಾರ?" ಎನ್ನುತ್ತಿದ್ದ. ಹಾರ್ಮೋನಿಯಂ ಪೇಟಿಯ ಮುಂದೆ ಕಾಲು ಮಡಚಿ ಕೂತು, ಎಡ ಅಂಗೈಯನ್ನು ಕೆಳಗೆ ಒತ್ತಿದನೆಂದರೆ ಇಡೀ ಮೇಳ ದನಿ ಇಳಿಸಬೇಕು. ಇಳಿಸದಿದ್ದರೆ "ಸಣ್ಣಗ!" ಎಂದು ತಾನೇ ಒದರುತ್ತಿದ್ದ. ಆ ಒದರಾಟ ಮಾತ್ರ ಓಣಿಯ ಕೊನೆಯ ಬಾವಿಯವರೆಗೆ ಕೇಳುತ್ತಿತ್ತು.

ನಾನು ಎರಡನೆಯ ಹೆರಿಗೆಗೆ ತವರಿಗೆ ಬಂದಾಗಲೂ ಪಡಸಾಲೆಯಲ್ಲಿ ದಿನಾ ಸಂಜೆ ಇದೇ ಗದ್ದಲ. ಮೊದಲನೆಯ ಕೂಸು ಹುಟ್ಟಿದಾಗ ಅಳಲೇ ಇಲ್ಲ, ಅಳದೆಯೇ ಹೋಗಿಬಿಟ್ಟಿತ್ತು. ಡಾಕ್ಟರನ್ನು ಕರೆತರಲು ಚಕ್ಕಡಿ ಕಟ್ಟಬೇಕಾದ ಕಾಲ. ಈ ಸಲ ಏನು ಕಾದಿದೆಯೋ ಎಂದು ಮನೆಯವರಿಗೆಲ್ಲ ಹೆದರಿಕೆ, ನನಗಂತೂ ಊಟವೇ ಸೇರುತ್ತಿರಲಿಲ್ಲ. ಅವ್ವ ಕೊನೆಗೆ ಕಾಕಾನಿಗೆ ಕೈ ಮುಗಿದಳು.

"ಮೇಳಾ ಗುಡಿಗಿ ಒಯ್ಯಿರಿ. ಹುಡುಗಿ ಮಲಗೂದು ಬ್ಯಾಡೇನು?"

"ಇರ್ಲಿ ಬಿಡ್ರಿ ವೈನಿ. ಕೂಸಿನ ಕಿವಿ ಈಗಿಂದನ ತಯಾರ ಆಗ್ಲಿ!"

ಆ ದಿನಗಳಲ್ಲೇ ಮೂಡಲಗಿಯಿಂದ ಅರಿವೆ ಅಂಗಡಿಯ ಸಾಹುಕಾರನೊಬ್ಬ, ಗಿರಿಜಾ ಮೀಸೆಯವನು, ಮೇಳ ನಡೆಸುವುದನ್ನು ಕಲಿಯಲು ಬಂದ. ಕಾಕಾ ಅವನ ಕೈಗೆ ತಾಳವನ್ನೂ ಕೊಡಲಿಲ್ಲ, ಪೇಟಿಯನ್ನೂ ಕೊಡಲಿಲ್ಲ. ಒಂದು ತಂಬಿಗೆ ನೀರು ಕೊಟ್ಟ! "ಬಾಯಾಗ ತುಂಬಿಕೋರಿ. ನುಂಗಬ್ಯಾಡ್ರಿ, ಉಗುಳಬ್ಯಾಡ್ರಿ. ಮೇಳಾ ನಡಸವಂಗ ಬಾಯಿ ಇರಬಾರದು, ಬರೇ ಕಿವಿ ಇರಬೇಕು." ಭಜನೆ ಮುಗಿಯುವ ತನಕ ಆ ಮೀಸೆ ಹಾಗೆಯೇ ಉಬ್ಬಿಕೊಂಡು ಕೂತಿತ್ತು. ಒಮ್ಮೆ ಮಠದಲ್ಲಿ ಮೇಳ ನಡೆದಿದ್ದಾಗ ಸ್ವಾಮಿಗಳು ಅವನ ಊರು ಕೇಳಿದರು. ಗುರುವಿನ ಅಪ್ಪಣೆ ಇಲ್ಲದೆ ನುಂಗುವುದು ಹೇಗೆ? ಸಾಹುಕಾರ ಕಣ್ಣು ಬಿಟ್ಟು ನಿಂತ. "ಪಾಪ, ಮಾತ ಬರಂಗಿಲ್ಲೇನು?" ಎಂದು ಮರುಗಿದ ಸ್ವಾಮಿಗಳು ಅವನಿಗೆ ಬಾಳೆಹಣ್ಣು ಒಂದು ಹೆಚ್ಚಿಗೆ ಕೊಟ್ಟರು.

ಇನ್ನು ಗೋಕಾಕದ ಕತೆ ಕೇಳಿ. ಅಲ್ಲಿ ದೂರದ ನೆಂಟರಾದ ಹಿರಿಯರೊಬ್ಬರು ತೀರಿಕೊಂಡರು. ಕಾಕಾ ಮಣ್ಣು ಕೊಡಲು ಹೋದ. ಹೆಂಗಸರೆಲ್ಲ ಒಟ್ಟಿಗೆ ಹಾಡಾಡಿಕೊಂಡು ಅಳುತ್ತಿದ್ದರಂತೆ. ಯಾರ ದುಃಖ ಯಾವುದು ಎಂದು ತಿಳಿಯುವಂತಿಲ್ಲ! ಕಾಕಾ ಎಷ್ಟು ಹೊತ್ತೆಂದು ತಡೆದಾನು? ಅವನ ಎಡಗೈ ತಾನಾಗಿಯೇ ಎದ್ದಿತು. ಮೊದಲು ಹಿರಿಯ ಮಗಳು, ಆಮೇಲೆ ಸೊಸೆಯರು, ಕೊನೆಗೆ ಎಲ್ಲರೂ ಸೇರಿ. ಆಶ್ಚರ್ಯವೆಂದರೆ ಅವರೂ ಹಾಗೆಯೇ ಅತ್ತರು! ಮೂಲೆಯಲ್ಲಿದ್ದ ಕಿರಿಸೊಸೆಯೊಬ್ಬಳು ಸೆರಗಿನಿಂದ ಮೂಗು ಒರೆಸಿಕೊಂಡು, "ನಂದು ಪಾಳಿ ಯಾವಾಗ್ರಿ?" ಎಂದಳಂತೆ. ಕಾಕಾ ಮನೆಗೆ ಬಂದು ಇದನ್ನು ಹೇಳಿದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬಹಳ ದಿನಗಳ ಮೇಲೆ ಅವತ್ತು ಎರಡು ರೊಟ್ಟಿ ತಿಂದೆ.

ನನಗೆ ಹೆರಿಗೆ ಬ್ಯಾನೆ ಶುರುವಾದದ್ದು ಒಂದು ಬೆಳಗ್ಗೆ. ಓಣಿಯ ಹೆಂಗಸರೆಲ್ಲ ಕೋಣೆಯ ಬಾಗಿಲಲ್ಲಿ ಸೇರಿದರು. ಒಬ್ಬಳು ಕೂಡು ಎನ್ನುವಳು, ಒಬ್ಬಳು ಮಲಗು ಎನ್ನುವಳು, ಮತ್ತೊಬ್ಬಳು ಕಂಡ ದೇವರನ್ನೆಲ್ಲ ಕೂಗಿ ಕರೆಯುವಳು. ಮಗ್ಗುಲಲ್ಲೇ ಇದ್ದ ಸೂಲಗಿತ್ತಿ ಏನು ಹೇಳುತ್ತಿದ್ದಾಳೆಂದು ನನಗೆ ಕೇಳಿಸಲೇ ಇಲ್ಲ. ಮೊದಲ ಹೆರಿಗೆಯಲ್ಲೂ ಹೀಗೆಯೇ ಆಗಿತ್ತು.

ಹೊರಗಿನಿಂದ ಕಾಕಾ ಗುಡುಗಿದ: "ಎಲ್ಲಾರೂ ಬಾಯಿ ಮುಚ್ರಿ! ಸೂಲಗಿತ್ತಿ ಒಬ್ಬಾಕಿನ ಮಾತಾಡ್ಲಿ!"

ಗಂಡಸಿನ ಮಾತಿಗೆ ಬೆಚ್ಚಿಯೋ, ಗುರುವಿನ ಮಾತಿಗೆ ಹೆದರಿಯೋ, ಎಲ್ಲರೂ ಸುಮ್ಮನಾದರು. ಸೂಲಗಿತ್ತಿಯ ಮಾತು ಈಗ ನೆಟ್ಟಗೆ ನನ್ನ ಕಿವಿಗೆ ಬಿತ್ತು. "ಉಸಿರು ತಗೋ ನನ್ನವ್ವ. ಈಗ ಒತ್ತು. ಹಾಂ, ಈಗ ಬಿಡು." ಅವಳು ಹೇಳಿದಂತೆ ಮಾಡುತ್ತ ಹೋದೆ. ಹೊತ್ತು ನೆತ್ತಿಗೆ ಬರುವ ಹೊತ್ತಿಗೆ, ಸೂಲಗಿತ್ತಿ "ಹೆಣ್ಣು ನೋಡವ್ವ" ಎನ್ನುತ್ತಿದ್ದಂತೆ, ಕೂಸು ಹೊರಗೆ ಬಂತು.

ಅಳಲಿಲ್ಲ.

ಸೂಲಗಿತ್ತಿ ಕೂಸಿನ ಬಾಯಿ ಒರೆಸಿದಳು, ಬೆನ್ನು ತಿಕ್ಕಿದಳು, ಅಂಗಾಲಿಗೆ ಬಡಿದಳು. ನಾನು ಕಣ್ಣು ಮುಚ್ಚಿಕೊಂಡೆ. ಆಗ, ಬೆಕ್ಕಿನ ಮರಿಯದಷ್ಟು ಸಣ್ಣದೊಂದು ದನಿ ಕೇಳಿತು.

"ಜೋರ!" ಬಾಗಿಲಾಚೆಯಿಂದ ಕಾಕಾ ಕೂಗಿದ. "ಜೋರ ಅಳು ನನ್ನ ತಾಯಿ! ಇನ್ನೂ ಜೋರ! ಊರಿಗೆಲ್ಲ ಕೇಳ್ಲಿ!"

ಕೂಸು ಅವನ ಮಾತು ಕೇಳಿತೋ ಏನೋ, ಮನೆ ಹಾರಿಹೋಗುವಂತೆ ಕಿರುಚಿತು. ಮರುಗಳಿಗೆಯಲ್ಲೇ ಹೊರಗೆ ಕಾಕಾನೂ ಗೋಡೆಗೆ ಒರಗಿ ಗೊಳೋ ಎಂದು ಅಳತೊಡಗಿದ. ಶ್ರುತಿ ಇಲ್ಲ, ತಾಳ ಇಲ್ಲ. ಮಗಳು ಒಳಗೆ, ಕಾಕಾ ಹೊರಗೆ, ಇಬ್ಬರೂ ಸೇರಿ ಅಳುವುದನ್ನು ಕೇಳುತ್ತ ನಾನು ನೆಮ್ಮದಿಯಾಗಿ ಮಲಗಿದೆ.