ಕಂಪನಿಯ ಸಾಸಿವೆ ಡಬ್ಬಿ

ಎಂಥ ಕಷ್ಟದ ವಿಷಯವನ್ನಾದರೂ ಸುಲಭವಾಗಿ ತಿಳಿಸಿ ಹೇಳುವ ಕಲೆ ನನಗೆ ಹುಟ್ಟಿನಿಂದಲೇ ಬಂದಿದೆ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿರುವುದು ಬೇರೆ ಯಾರೂ ಹೇಳದೆ ಇರುವುದರಿಂದ.

ಎಂಬತ್ತರ ದಶಕದ ಮಾತು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲ್ಯಾಬುಗಳಿಗೆ ಗಾಜಿನ ಸಾಮಾನು ಮಾಡಿಕೊಡುವ ಒಂದು ಸಣ್ಣ ಕಂಪನಿಯಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ನಮ್ಮ ಮನೆಯವರು ಬರ್ಕ್ಲಿಯಲ್ಲಿ ಸಂಶೋಧನೆ ಮಾಡುತ್ತಿದ್ದರು. ಅವರಿಗೊಂದು ಹಲ್ಲುನೋವು, ಬಲಗಡೆಯ ದವಡೆ ಹಲ್ಲು. ನಮ್ಮಿಬ್ಬರ ಯಾವ ವಿಮೆಯಲ್ಲೂ ಹಲ್ಲಿಗೆ ಜಾಗವಿರಲಿಲ್ಲ. ಪಾಪ, ಎಡಗಡೆಯಲ್ಲಷ್ಟೇ ಅಗಿದು ಅವರು ಊಟ ಮುಗಿಸುವಷ್ಟರಲ್ಲಿ ನಾನು ಪಾತ್ರೆಯನ್ನೂ ತೊಳೆದು ಮುಗಿಸುತ್ತಿದ್ದೆ. ಚಕ್ಕುಲಿ ಎಂದರೆ ಪ್ರಾಣ ಬಿಡುತ್ತಿದ್ದವರು ಈಗ ಚಕ್ಕುಲಿ ಕಂಡರೆ ಮುಖ ತಿರುಗಿಸುತ್ತಿದ್ದರು.

ಹೀಗಿರುವಾಗ ನಮ್ಮ ಬಾಸು ಪೀಟರ್, ವರ್ಷವರ್ಷವೂ ರೇಟು ಏರಿಸುತ್ತಿದ್ದ ಆರೋಗ್ಯ ವಿಮೆ ಕಂಪನಿಗೆ ದೊಡ್ಡ ನಮಸ್ಕಾರ ಹೇಳಿದರು. ಇನ್ನು ಮೇಲೆ ಆ ದುಡ್ಡನ್ನು ಕಂಪನಿಯೇ ಬೇರೆಯಾಗಿ ಎತ್ತಿಟ್ಟು, ನಮ್ಮ ಡಾಕ್ಟರ ಬಿಲ್ಲು, ಆಸ್ಪತ್ರೆ ಬಿಲ್ಲುಗಳನ್ನು ತಾನೇ ಕೊಡುತ್ತದೆ. ವರ್ಷದ ಕೊನೆಗೆ ಏನಾದರೂ ಮಿಕ್ಕರೆ ಅದು ನಮಗೇ ಹೊಸ ಸವಲತ್ತಾಗಿ ಬರುತ್ತದೆ. ಮೊದಲ ಸವಲತ್ತು ಹಲ್ಲು! ಯಾರಿಗಾದರೂ ತೀರಾ ದೊಡ್ಡ ಕಾಯಿಲೆ ಬಂದರೆ, ಒಂದು ಮಿತಿ ದಾಟಿದ ಖರ್ಚನ್ನು ಹೊರಗಿನ ಒಂದು ವಿಮೆ ಕೊಡುತ್ತದೆ. ಇಷ್ಟನ್ನೂ ಎಲ್ಲರಿಗೂ ಅರ್ಥವಾಗುವ ಹಾಗೆ ಹೇಳುವ ಕೆಲಸವನ್ನು ಪೀಟರ್ ನನಗೆ ಒಪ್ಪಿಸಿ, ವ್ಯಾಪಾರದ ಕೆಲಸದ ಮೇಲೆ ಬೇರೆ ಊರಿಗೆ ಹೋದರು.

ಹುಟ್ಟಿನಿಂದ ಬಂದ ಕಲೆ ಸುಮ್ಮನಿರುತ್ತದೆಯೇ? ಮೀಟಿಂಗಿನಲ್ಲಿ ಎದ್ದು ನಿಂತು, ಮೈಸೂರಿನ ನಮ್ಮಮ್ಮನ ಸಾಸಿವೆ ಡಬ್ಬಿಯ ಕಥೆ ಹೇಳಿದೆ. ಮನೆ ಖರ್ಚಿನಲ್ಲಿ ಉಳಿಸಿದ್ದನ್ನು ಅಮ್ಮ ಸಾಸಿವೆಯ ಅಡಿಯಲ್ಲಿ ಬಚ್ಚಿಡುತ್ತಿದ್ದಳು. ಅದು ಎಲ್ಲರಿಗೂ ಸೇರಿದ್ದು. ಆದರೆ ಯಾರೂ ಮುಟ್ಟುತ್ತಿರಲಿಲ್ಲ. ಅಣ್ಣನಿಗೆ ಜ್ವರ ಬಂದರೆ ಕಷಾಯ, ನನ್ನ ಮಂಡಿ ತರಚಿದರೆ ಅರಿಸಿನ. ಡಬ್ಬಿಯ ಮುಚ್ಚಳ ಮಾತ್ರ ಮುಚ್ಚಿಯೇ ಇರುತ್ತಿತ್ತು. ಇದು ನಮ್ಮೆಲ್ಲರ ಸಾಸಿವೆ ಡಬ್ಬಿ ಎಂದು ನಾನು ಗದ್ಗದಿತಳಾಗಿ ಹೇಳಿದಾಗ, ಬಾಗಿಲ ಬಳಿ ಕೂತು ಫೋನು ನೋಡಿಕೊಳ್ಳುವ ಲಿಂಡಾ ಕಣ್ಣೊರೆಸಿಕೊಂಡಳು. ಚಪ್ಪಾಳೆ ಬಿತ್ತು. ಹೊರಗಿನ ವಿಮೆಯ ವಿಷಯ ಇನ್ನೂ ಬಾಕಿ ಇತ್ತು. ಆದರೆ ಚಪ್ಪಾಳೆ ಬಿದ್ದ ಮೇಲೂ ಮಾತು ಮುಂದುವರಿಸುವುದು ಸಭ್ಯರ ಲಕ್ಷಣವಲ್ಲ. ನಿಲ್ಲಿಸಿದೆ. ಆಮೇಲೆ ಅದು ನನಗೇ ಮರೆತುಹೋಯಿತು.

ಪರಿಣಾಮ ಅದ್ಭುತವಾಗಿತ್ತು. ಜನ ಡಾಕ್ಟರ ಹತ್ತಿರ ಹೋಗುವುದನ್ನೇ ಬಿಟ್ಟರು! ಪ್ಯಾಕಿಂಗಿನ ಟೋನಿ ಕೆಮ್ಮು ಬಂದಾಗಲೆಲ್ಲ ಪಾರ್ಕಿಂಗ್ ಲಾಟಿಗೆ ಓಡಿಹೋಗಿ, ಅಲ್ಲಿ ಮನಸಾರೆ ಕೆಮ್ಮಿ ಬರುತ್ತಿದ್ದ. ಲಿಂಡಾ ಕಾಲ ಮೇಲೆ ಪೆಟ್ಟಿಗೆ ಬೀಳಿಸಿಕೊಂಡಳು. ಹೆಬ್ಬೆರಳು ಬದನೆಕಾಯಿಯ ಹಾಗೆ ಊದಿದರೂ, ಮನೆಯ ಚಪ್ಪಲಿ ಹಾಕಿಕೊಂಡು ಬಂದು ಹೀಗೇ ಹಾಯಾಗಿದೆ ಎನ್ನುತ್ತಿದ್ದಳು. ನಾನು ದಿನವೂ ಫ್ಲಾಸ್ಕಿನಲ್ಲಿ ಶುಂಠಿ ಮೆಣಸಿನ ಕಷಾಯ ಒಯ್ದು ಟೋನಿಗೆ ಕುಡಿಸಿದೆ. ಅವನು ಕಣ್ಣಲ್ಲಿ ನೀರು ತುಂಬಿಕೊಂಡು ಥ್ಯಾಂಕ್ಸ್ ಹೇಳುತ್ತಿದ್ದ. ಕೃತಜ್ಞತೆ ಎಂದುಕೊಂಡೆ.

ಅಷ್ಟರಲ್ಲಿ ದೀಪಾವಳಿ ಬಂತು. ಇವರು ತಿನ್ನುವುದಿಲ್ಲವಲ್ಲ ಎಂದು ಸಂಕಟಪಡುತ್ತಲೇ ಚಕ್ಕುಲಿ ಕರಿದಿಟ್ಟೆ. ವಿಚಿತ್ರವೆಂದರೆ ಚಕ್ಕುಲಿ ಡಬ್ಬ ತಾನಾಗಿಯೇ ಬರಿದಾಗತೊಡಗಿತು. ಅಪಾರ್ಟ್‌ಮೆಂಟಿನಲ್ಲಿ ಇಲಿ ಸೇರಿಕೊಂಡಿದೆ ಎಂದು ಮ್ಯಾನೇಜರಿಗೆ ದೂರು ಕೊಟ್ಟೆ. ಆತ ಬಂದು ಬೋನು ಇಟ್ಟು ಹೋದ. ಒಂದು ಇಲಿಯೂ ಬೀಳಲಿಲ್ಲ.

ಹಬ್ಬದ ಮಾರನೆಯ ದಿನ, ತುಪ್ಪ ಸುರಿದ ಬಿಸಿಬೇಳೆ ಭಾತು ಉಂಡೆದ್ದ ನನಗೆ ಬಲ ಪಕ್ಕೆಯ ಕೆಳಗೆ ಚಳಕು ಶುರುವಾಯಿತು. ಓಂಕಾಳು ಅಗಿದೆ. ಇಂಗು ಮಜ್ಜಿಗೆ ಕುಡಿದೆ. ನೋವು ಹೋಯಿತು, ಮತ್ತೆ ಬಂತು, ಆಮೇಲೆ ನಮ್ಮಲ್ಲೇ ಉಳಿಯಿತು. ಇವರು ಡಾಕ್ಟರ ಹತ್ತಿರ ಹೋಗೋಣ ಎಂದು ಗೋಗರೆದರು. ಬರೀ ಗ್ಯಾಸು ಎಂದು ನಾನು ತಳ್ಳಿಹಾಕಿದೆ. ಸಾಸಿವೆ ಡಬ್ಬಿಯ ಭಾಷಣ ಮಾಡಿದವಳೇ ಮೊದಲು ಕೈ ಹಾಕುವುದೆ? ಹಾಕಿದರೆ ಇವರ ಹಲ್ಲಿನ ಗತಿ? ನೋವು ಬಂದಾಗಲೆಲ್ಲ ದವಡೆ ಬಿಗಿಹಿಡಿದು ಕೂತೆ.

ಡಿಸೆಂಬರಿನಲ್ಲಿ ಪೀಟರ್ ಎಲ್ಲರನ್ನೂ ಪಾರ್ಟಿಗೆ ಕರೆದರು. ಹಲ್ಲಿನ ವಿಷಯ ಹೇಳುತ್ತಾರೆಂದು ಎಲ್ಲರೂ ಕಾದಿದ್ದರು. ಅವರು ಗಂಟಲು ಸರಿಮಾಡಿಕೊಂಡು ಎದ್ದರು. ಅದೇ ಹೊತ್ತಿಗೆ ನಾನು ಹೊಟ್ಟೆ ಹಿಡಿದುಕೊಂಡು ಕುಸಿದೆ. ನನ್ನನ್ನು ಹಿಡಿಯಲು ಓಡಿಬಂದ ಲಿಂಡಾ ತನ್ನ ಹೆಬ್ಬೆರಳನ್ನು ಮೇಜಿನ ಕಾಲಿಗೆ ಬಡಿದುಕೊಂಡು ನನ್ನ ಪಕ್ಕದಲ್ಲೇ ಕೂತಳು. ಟೋನಿ ನಮ್ಮಿಬ್ಬರನ್ನೂ ಕಾರಿಗೆ ಹತ್ತಿಸಿ, ಫ್ರೀವೇ ಉದ್ದಕ್ಕೂ ಕೆಮ್ಮುತ್ತಾ ಆಸ್ಪತ್ರೆಗೆ ಕರೆದೊಯ್ದ. ಬಾಗಿಲಲ್ಲಿದ್ದ ನರ್ಸು, ಮೂವರಲ್ಲಿ ರೋಗಿ ಯಾರು ಎಂದು ಕೇಳಿದಳು. ಮೂವರೂ ಇನ್ನೊಬ್ಬರ ಕಡೆ ಕೈ ತೋರಿಸಿದೆವು.

ನನಗೆ ಪಿತ್ತಕೋಶದಲ್ಲಿ ಕಲ್ಲು. ಅಂದೇ ಆಪರೇಷನ್ ಆಯಿತು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರಂತೆ. ಎಚ್ಚರವಾದಾಗ ಇವರು ಮಂಚದ ಪಕ್ಕ ಕೂತಿದ್ದರು, ಕಣ್ಣು ಕೆಂಪಾಗಿತ್ತು. ನನಗೆ ದುಃಖ ಉಕ್ಕಿ ಬಂತು.

"ನಿಮ್ಮ ಹಲ್ಲಿಗೆ ಅಂತ ಕಾದಿಟ್ಟಿದ್ದೆಲ್ಲಾ ನನ್ನ ಹೊಟ್ಟೆಗೆ ಹೋಯ್ತಲ್ಲಾರೀ" ಎಂದೆ.

ಅವರು ಬಾಯಿ ತೆರೆದು ತೋರಿಸಿದರು. ಬಲಗಡೆಯ ದವಡೆ ಹಲ್ಲೇ ಇರಲಿಲ್ಲ.

ಹಲ್ಲಿನ ಡಾಕ್ಟರಾಗಲು ಓದುವ ಹುಡುಗರು ಅಗ್ಗದಲ್ಲಿ ಕೀಳುವ ಕಾಲೇಜೊಂದಕ್ಕೆ ಹೋಗಿ, ದೀಪಾವಳಿಗೆ ಮೊದಲೇ ಕೀಳಿಸಿಕೊಂಡು ಬಂದಿದ್ದರು!

"ಮತ್ತೆ ಇಷ್ಟು ದಿನ ಒಂದೇ ಕಡೆ ಅಗೀತಿದ್ರಲ್ಲಾ?"

"ನೀನು ಅಷ್ಟು ಆಸೆಯಿಂದ ಡಬ್ಬಿ ಕಾಯ್ತಿದ್ದೆ ಕಣೇ. ಹೇಳಕ್ಕೆ ಮನಸ್ಸೇ ಬರ್ಲಿಲ್ಲ." ಇವರು ಸೇರಿಸಿದರು: "ಆ ಇಲೀನೂ ನಾನೇ."

ನಗಲು ಹೋದೆ, ಹೊಲಿಗೆ ಹಾಕಿದ ಜಾಗ ಎಳೆಯಿತು. ಅಳಲು ಹೋದೆ, ಅದಕ್ಕೂ ಎಳೆಯಿತು. ಇವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಸುಮ್ಮನೆ ಮಲಗಿದೆ. ಇವರಿಗಿಂತ ಹೆಚ್ಚಿನದು ನನಗೆ ಈ ದೇಶದಲ್ಲಿ ಏನಿತ್ತು?

ಸಂಜೆ ಪೀಟರ್ ಹೂ ಹಿಡಿದುಕೊಂಡು ಬಂದರು. ಡಬ್ಬಿ ಖಾಲಿ ಮಾಡಿದ್ದಕ್ಕೆ ಕ್ಷಮೆ ಕೇಳಿದೆ. ಯಾವ ಡಬ್ಬಿ ಎಂದು ಅವರು ಕೇಳಿದರು. ಭಾಷಣದ ಕಥೆ ಕೇಳಿದ ಮೇಲೆ ಕುರ್ಚಿ ಎಳೆದುಕೊಂಡು ಕೂತರು. ಮಿತಿ ದಾಟಿದ್ದನ್ನು ಹೊರಗಿನ ವಿಮೆ ಕೊಡುತ್ತದೆ, ಹಲ್ಲಿನ ಸವಲತ್ತು ಜನವರಿಯಿಂದ ಬರುತ್ತದೆ ಎಂದರು. ಆಮೇಲೆ ಮೆಲ್ಲಗೆ ಹೇಳಿದರು, "ಆ ದುಡ್ಡು ಇಟ್ಟಿರೋದು ನಿಮ್ಮನ್ನ ಕಾಯೋಕೆ. ನೀವು ಅದನ್ನ ಕಾಯೋಕಲ್ಲ." ನಾನು ಅರ್ಧ ಗಂಟೆ ಭಾಷಣ ಮಾಡಿದ್ದನ್ನು ಆ ಮನುಷ್ಯ ಎರಡು ವಾಕ್ಯದಲ್ಲಿ ಮುಗಿಸಿದರು. ಅವರಿಗೆ ಹುಟ್ಟಿನಿಂದ ಬಂದ ಕಲೆ ಏನೂ ಇರಲಿಲ್ಲ.

ಜನವರಿಯಲ್ಲಿ ಹಲ್ಲಿನ ಸವಲತ್ತು ಶುರುವಾಯಿತು. ಅದನ್ನು ಮೊಟ್ಟಮೊದಲು ಬಳಸಿದವಳು ನಾನೇ! ದವಡೆ ಬಿಗಿಹಿಡಿದು ಹಿಡಿದು ನನ್ನದೇ ಎರಡು ಹಲ್ಲು ಸೀಳಿಹೋಗಿದ್ದವು. ಗಟ್ಟಿ ಪದಾರ್ಥ ಏನು ಕಡಿದಿರಿ ಎಂದು ಡೆಂಟಿಸ್ಟು ಕೇಳಿದರು. ಏನೂ ಇಲ್ಲ, ಉಳಿತಾಯ ಮಾಡುತ್ತಿದ್ದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ, ತಿಳಿಸಿ ಹೇಳುವ ಧೈರ್ಯ ನನಗೂ ಬರಲಿಲ್ಲ.

ಗಟ್ಟಿ ತಿಂಡಿ ಮುಟ್ಟಬಾರದೆಂದು ಅಪ್ಪಣೆಯಾಯಿತು. ಅಂದಿನಿಂದ ನಮ್ಮ ಮನೆಯ ಇಲಿ ಚಕ್ಕುಲಿಯನ್ನು ಪುಡಿ ಮಾಡಿ, ಮೊಸರಿನಲ್ಲಿ ನೆನೆಸಿ, ಚಮಚ ಹಾಕಿ ನನಗೆ ತಂದುಕೊಡುತ್ತದೆ.