ಎದುರಿನಿಂದ ನೋಡಬೇಕಿದ್ದ ನಾಟಕ

ಬೇರೆಯವರು ಸಿನಿಮಾಕ್ಕೆ ಹೋಗುತ್ತಾರೆ, ನೋಡುತ್ತಾರೆ, ಮನೆಗೆ ಬರುತ್ತಾರೆ. ನಾನು ಹೋದರೆ ಮಾತ್ರ ನಡುವೆ ಏನಾದರೊಂದು ಆಗಿಯೇ ತೀರುತ್ತದೆ. ಒಂದೇ ಸಿನಿಮಾದ ಬೆನ್ನು ಹತ್ತಿ, ಪ್ರತಿ ಸಲವೂ ಮುಖ ಸಣ್ಣದು ಮಾಡಿಕೊಂಡು ಬಂದವನು ನಮ್ಮ ನಾಲ್ಕು ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

ದಾಂಡೇಲಿಯಲ್ಲಿ ಕಾಗದದ ಮಿಲ್ಲಿನ ಕೆಲಸದಲ್ಲಿದ್ದು ರಿಟೈರ್ ಆದವನು ನಾನು. ಕೆಲಸದಲ್ಲಿದ್ದಾಗ ನಾವೊಂದಿಷ್ಟು ಜನ ಸೇರಿ ವರ್ಷಕ್ಕೊಮ್ಮೆ ಒಂದು ಹಳೆಯ ಸಂಗೀತ ನಾಟಕ ಆಡುತ್ತಿದ್ದೆವು. ಪ್ರತಿ ವರ್ಷ ಅದೇ ನಾಟಕ. ದೊರೆಯೊಬ್ಬ ಯಾರದೋ ಚಾಡಿ ಮಾತು ಕೇಳಿ ರಾಣಿಯನ್ನು ನದಿ ದಂಡೆಯಲ್ಲಿ ಬಿಟ್ಟು ಬರುತ್ತಾನೆ. ಹನ್ನೆರಡು ವರ್ಷದ ಮೇಲೆ ಆಕೆ ಹಾಡುವವಳ ವೇಷದಲ್ಲಿ ಅವನ ಅರಮನೆಗೇ ಬರುತ್ತಾಳೆ. ಅವನು ದನಿಯಿಂದ ಗುರುತು ಹಿಡಿಯುತ್ತಾನೆ. ಇದರಲ್ಲಿ ನಾನು ದೊರೆಯಲ್ಲ, ಬಾಗಿಲು ಕಾಯುವವನೂ ಅಲ್ಲ. ಪ್ರಾಂಪ್ಟರ್. ಸೈಡ್ ವಿಂಗಿನ ಮರೆಯಲ್ಲಿ ಸ್ಟೂಲಿನ ಮೇಲೆ ಕೂತು, ಮಾತು ಮರೆತವರಿಗೆ ಹೇಳಿಕೊಡುವವನು. ಮೂವತ್ತು ವರ್ಷ ಹಾಗೆ ಕೂತೆ. ಇಡೀ ನಾಟಕ ಬಾಯಿಪಾಠವಾಯಿತು. ಆದರೆ ಒಮ್ಮೆಯೂ ಎದುರಿನಿಂದ ನೋಡಲಿಲ್ಲ. ನಾನು ಕಂಡದ್ದೆಲ್ಲ ದೊರೆಯ ಬಲಗಿವಿ ಮತ್ತು ರಾಣಿಯ ಜಡೆ.

ಅದೇ ನಾಟಕವನ್ನು ಈಗ ಹೊಸದಾಗಿ ಸಿನಿಮಾ ಮಾಡಿದ್ದಾರೆ, ಹಳಿಯಾಳಕ್ಕೆ ಬಂದಿದೆ ಎಂದು ಗೊತ್ತಾಯಿತು. ಕಣ್ಣು ಸರಿ ಇರುವಾಗಲೇ ಒಮ್ಮೆ ಎದುರಿಗೆ ಕೂತು ನೋಡಿಬಿಡಬೇಕು ಅಂತ ಹಟ ಹಿಡಿದೆ.

ಮೂಲೆಯ ಕುರ್ಚಿ

ಮೊದಲ ಸಲ ಹೆಂಡತಿಯನ್ನು ಕರೆದುಕೊಂಡು ಹೋದೆ. ಅವಳಿಗೆ ಮನಸ್ಸಿರಲಿಲ್ಲ. ಆ ನಾಟಕದ ಮಾತನ್ನು ನಾನು ನಿದ್ದೆಯಲ್ಲೂ ಹೇಳುತ್ತಿದ್ದೆನಂತೆ, ಕೇಳಿ ಕೇಳಿ ಸಾಕಾಗಿದೆಯಂತೆ. ಆದರೂ ಬಂದಳು.

ಬಸ್ಸು ತಡವಾಯಿತು. ಟಾಕೀಜು ಮುಟ್ಟುವಷ್ಟರಲ್ಲಿ ಎರಡೇ ಕುರ್ಚಿ ಉಳಿದಿದ್ದವು. ಎಲ್ಲಕ್ಕಿಂತ ಮುಂದಿನ ಸಾಲು, ಎಡಗಡೆ ಗೋಡೆಗೆ ಹತ್ತಿದ ಮೂಲೆ. ಅಲ್ಲಿಂದ ಪರದೆ ಅಂದರೆ ಅರ್ಧ ತೆರೆದ ಬಾಗಿಲಿನ ಸಂದಿ. ಹೀರೋನ ಮುಖ ಸೌತೇಕಾಯಿಯ ಹಾಗೆ ಉದ್ದ. ಅವನು ನಾಯಕಿಯ ಕೈ ಹಿಡಿದನೋ, ಕಂಬ ಹಿಡಿದನೋ ತಿಳಿಯಲಿಲ್ಲ.

ಕಾಲು ತಾಸಿನಲ್ಲಿ ಹೆಂಡತಿಯ ಕುತ್ತಿಗೆ ಹಿಡಿದುಕೊಂಡಿತು. ಸ್ವಲ್ಪ ತಡಿ, ಮುಂದೆ ನದಿ ದಂಡೆಯ ಸೀನು ಐತಿ ಎಂದು ಬೇಡಿಕೊಂಡೆ. ಇಲ್ಲಿಂದ ನನಗೂ ಏನೂ ಕಾಣುತ್ತಿಲ್ಲ ಅಂತ ಸಂಕಟವನ್ನೂ ಹೇಳಿಕೊಂಡೆ. ಅವಳು ಕುತ್ತಿಗೆ ತಿಕ್ಕಿಕೊಳ್ಳುತ್ತಲೇ ಎದ್ದಳು.

"ನಿಮಗೇನ್ರಿ, ಮೂವತ್ತು ವರ್ಷ ಕೂತ ಜಾಗಾನ ಕೊಟ್ಟಾರ. ನನಗ ರೂಢಿ ಇಲ್ಲ. ನಡೀರಿ, ಹೋಗೂಣು."

ದೊರೆಯ ಜೊತೆ

ಎರಡನೇ ಸಲ ನಮ್ಮ ನಾಟಕದ ದೊರೆಯನ್ನೇ ಕರೆದುಕೊಂಡು ಹೋದೆ. ದೊರೆ ಅಂದರೆ ದಾಂಡೇಲಿಯಲ್ಲಿ ಗ್ಯಾರೇಜು ಇಟ್ಟ ಮೆಕ್ಯಾನಿಕ್, ಎಲ್ಲರ ಬಾಯಲ್ಲೂ ಉಸ್ತಾದ. ಮಿಲ್ಲಿನವನಲ್ಲದಿದ್ದರೂ ಅವನ ದನಿಗೆ ಮರುಳಾಗಿ ನಾವು ಅವನನ್ನು ತಂದಿದ್ದೆವು. ಹಾಡಿಗೆ ನಿಂತರೆ ಜನ ಉಸಿರು ಬಿಗಿಹಿಡಿಯುತ್ತಿದ್ದರು. ಮಾತಿಗೆ ನಿಂತರೆ ನಾನು ಉಸಿರು ಬಿಗಿಹಿಡಿಯುತ್ತಿದ್ದೆ.

ರಾಣಿಯನ್ನು ನದಿ ದಂಡೆಯಲ್ಲಿ ಬಿಟ್ಟು ಬರುವ ಸೀನಿನಲ್ಲಿ ದೊರೆಗೆ ಒಂದೂವರೆ ಪುಟದ ಮಾತು. ಉಸ್ತಾದ ಪ್ರತಿ ವರ್ಷ ಮೂರನೇ ಸಾಲಿಗೆ ನಿಂತುಬಿಡುತ್ತಿದ್ದ. ನಿಂತು, ಮೆಲ್ಲಗೆ ನನ್ನ ಕಡೆ ತಿರುಗುತ್ತಿದ್ದ. ದುಃಖ ತಾಳಲಾರದೆ ದೊರೆ ಮುಖ ತಿರುಗಿಸಿಕೊಂಡ ಎಂದು ಜನ ಚಪ್ಪಾಳೆ ಹೊಡೆಯುತ್ತಿದ್ದರು. ಆ ಒಂದೂವರೆ ಪುಟ ಅವನ ಗಂಟಲಿಗೆ ಇಳಿಸಲಿಕ್ಕೆ ನಾನು ಗ್ಯಾರೇಜಿಗೆ ಹೋಗಿ, ಜೀಪಿನ ಕೆಳಗೆ ಮಲಗಿದವನ ಕಾಲ ಹತ್ತಿರ ಕೂತು ಓದಿ ಹೇಳಿದ್ದುಂಟು.

ಸಿನಿಮಾದಲ್ಲಿ ದೊರೆಯನ್ನು ರೆಸಾರ್ಟಿನ ಮಾಲೀಕ ಮಾಡಿದ್ದರು. ನದಿ ದಂಡೆ ಬಂತು. ನಾನು ಕುರ್ಚಿಯ ತುದಿಗೆ ಸರಿದೆ. ಮಾಲೀಕ ದಂಡೆಯ ಮೇಲೆ ನಿಂತ, ಕಿಸೆಯಿಂದ ಫೋನು ತೆಗೆದ, ಹೆಂಡತಿಗೆ ಒಂದು ಮೆಸೇಜು ಹಾಕಿದ. ಮುಗಿಯಿತು ಸೀನು. ಹಿಂದೆಯೇ ಹೆಲ್ಮೆಟ್ಟು ಹಾಕಿಕೊಂಡ ಮಂದಿ ರಬ್ಬರ್ ದೋಣಿಯಲ್ಲಿ ಕೂತು ಕೈ ಕುಣಿಸುತ್ತ ಬಂದರು. ಅದು ಹಾಡಂತೆ.

ಇಂಟರ್ವಲ್ಲಿಗೆ ಉಸ್ತಾದ ಎದ್ದು ಹೊರಗೆ ನಡೆದ. ಬೈಕು ಅವನದು, ನಾನೂ ಹಿಂದೆ ಹೋದೆ. ಚಹಾದಂಗಡಿಯಲ್ಲಿ ಅವನ ಮುಂದಿನ ಚಹಾ ಕೆನೆಗಟ್ಟಿತು. ನನ್ನ ಹಾಗೆ ಇವನ ಕರುಳೂ ಸುಡುತ್ತಿದೆ ಅಂದುಕೊಂಡು, ನಮ್ಮ ಕಾಲದ ಮಾತಿನ ತೂಕ ಇವರಿಗೇನು ಗೊತ್ತು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಸಮಾಧಾನ ಹೇಳಿದೆ. ಅವನು ಲೋಟ ಬದಿಗೆ ಸರಿಸಿದ.

"ಅಲ್ಲೋ ದೋಸ್ತ, ಮೆಸೇಜ್ ಹಾಕಿದ್ರ ನಡೀತಿತ್ತಂದ್ರ, ಇಷ್ಟು ವರ್ಷ ಯಾಕ ನನ್ನ ಜೀವಾ ತಿಂದಿ?"

ಪೇಟಿ ಮಾಸ್ತರರು

ನನ್ನ ಹೊಟ್ಟೆಯುರಿ ಅರ್ಥವಾಗುವ ಮನುಷ್ಯ ಇನ್ನೊಬ್ಬರೇ ಉಳಿದಿದ್ದರು. ನಮ್ಮ ನಾಟಕಕ್ಕೆ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದ ಮಾಸ್ತರರು. ಈಗ ಅಂಬಿಕಾನಗರದಲ್ಲಿ ಮಗನ ಕ್ವಾರ್ಟರ್ಸಿನಲ್ಲಿದ್ದಾರೆ. ಮೊಣಕಾಲು ನೋವಿಗೆ ಬಸ್ಸು ಹತ್ತಲಾರರು.

ಹೋಗಿ ನಡೆದದ್ದನ್ನೆಲ್ಲ ಹೇಳಿಕೊಂಡೆ. ಅವರು ಕಥೆ ಬಿಟ್ಟು, ರಾಣಿ ಅರಮನೆಗೆ ಬರುವಾಗಿನ ಪದ ಏನು ಮಾಡಿದ್ದಾರೆ ಎಂದಷ್ಟೇ ಕೇಳಿದರು. ಭೀಮಪಲಾಸ ರಾಗದಲ್ಲಿ ಅವರೇ ಕೂರಿಸಿದ ಪದ ಅದು. ಆ ಭಾಗ ನಾನು ನೋಡಿರಲಿಲ್ಲ. ಆದರೆ ಹಾಡು ಫೋನಿನಲ್ಲಿ ಸಿಗುತ್ತಿತ್ತು, ನಾನು ಬೇಡವೆಂದರೂ ಹಚ್ಚು ಅಂದರು, ಹಚ್ಚಿದೆ. ತಗಡಿನ ಡಬ್ಬಿ ಮೆಟ್ಟಿಲ ಮೇಲಿಂದ ಉರುಳಿದಂಥ ಸಪ್ಪಳ ಶುರುವಾಯಿತು. ನಡುನಡುವೆ ಯಾರೋ ಹಾಡಿದಂತಾಯಿತು. ನಾನು ನಾಚಿಕೆಯಿಂದ ನೆಲ ನೋಡುತ್ತ ಕೂತೆ.

ಮಾಸ್ತರರು ಮಾತ್ರ ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳು ಆಡಿಸುತ್ತ ಕೊನೆಯವರೆಗೂ ಕೇಳಿದರು. ಮುಗಿದ ಮೇಲೆ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು, ಅಗದಿ ಛಲೋ ಆಗೇತಿ ಅಂದರು. ಇವರೂ ಆ ಕಡೆಯವರಾದರು ಅಂದುಕೊಂಡೆ.

ಚಹಾ ತಂದ ಸೊಸೆ ನಕ್ಕಳು. ಮಾವನವರು ಕಿವಿಯ ಮಿಷನ್ನು ಹಾಕಿಕೊಂಡೇ ಇಲ್ಲ, ಟೇಬಲ್ಲಿನ ಮೇಲೆ ಬಿದ್ದಿದೆ ಎಂದು ತೋರಿಸಿದಳು. ನಾನು ಮಿಷನ್ನನ್ನು ಅವರ ಮುಂದೆ ಹಿಡಿದೆ. ಮಾಸ್ತರರು ಅದನ್ನು ತೆಗೆದುಕೊಳ್ಳಲಿಲ್ಲ.

"ಗೊತ್ತೈತಿ ಬಿಡಪಾ," ಅಂದರು. "ನೀ ಫೋನ್ ತಗದ ಕೂಡ್ಲೇ ತಗದಿಟ್ಟೇನಿ. ಅದಕ್ಕ ಛಲೋ ಕೇಳಿಸ್ತು."

ಬೀಗತಿಯ ಪಕ್ಕ

ಮಗಳನ್ನು ಮುಂಡಗೋಡ ತಾಲೂಕಿನ ಪಾಳಾಕ್ಕೆ ಕೊಟ್ಟಿದ್ದೇವೆ. ನೋಡಲು ಹೋದಾಗ, ಅದೇ ಸಿನಿಮಾ ಮುಂಡಗೋಡದಲ್ಲಿ ಇವತ್ತೇ ಕಡೆಯ ದಿನ ಅಂತ ಗೊತ್ತಾಯಿತು. ಬೀಗತಿಗೆ ಟಾಕೀಜು ಕಂಡು ಎಷ್ಟೋ ವರ್ಷವಾಗಿತ್ತು, ಅವರೂ ಹೊರಟರು. ಮಗಳು ನಮ್ಮಿಬ್ಬರನ್ನು ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಹೋದಳು.

ಒಳಗೆ ಹತ್ತು ಜನರೂ ಇರಲಿಲ್ಲ. ಪರದೆಗೆ ಸರಿಯಾಗಿ ಎದುರು, ನಟ್ಟನಡುವಿನ ಕುರ್ಚಿ ನನ್ನದು. ಮೆಸೇಜನ್ನೂ ನುಂಗಿಕೊಂಡೆ, ದೋಣಿಯವರನ್ನೂ ನುಂಗಿಕೊಂಡೆ. ಕೊನೆಗೆ ಆ ಸೀನು ಬಂತು. ಹೆಂಡತಿ ಹಾಡುತ್ತಾಳೆ, ಮಾಲೀಕ ದನಿ ಗುರುತಿಸಿ ಎದುರಿಗೆ ಬಂದು ನಿಲ್ಲುತ್ತಾನೆ. ನಾಟಕದಲ್ಲಿ ಇಲ್ಲಿ ದೊರೆಗೆ ಒಂದೇ ಮಾತು. ಅದೊಂದು ಮಾತಿಗಾಗಿಯೇ ನಾನು ಅಷ್ಟು ವರ್ಷ ವಿಂಗಿನಲ್ಲಿ ಕೂತೆ ಅಂದರೂ ಸುಳ್ಳಲ್ಲ.

ಹೀರೋ ಮಾತಾಡಲಿಲ್ಲ. ಪರದೆ ತುಂಬ ಅವನ ಮುಖ. ತುಟಿ ನಡುಗಿತು, ಕಣ್ಣು ಮೇಲೆ ಹೋಯಿತು, ಕೆಳಗೆ ಬಂತು. ಸಂಗೀತವೂ ನಿಂತಿತು. ಇನ್ನೂ ಮಾತಿಲ್ಲ. ಆ ಮುಖ ನನಗೆ ಗೊತ್ತು. ಅದು ಮಾತು ಮರೆತವನ ಮುಖ. ನನ್ನ ಬಾಯಿ ತನ್ನಷ್ಟಕ್ಕೆ ತೆರೆಯಿತು:

"ಈ ಅರಮನೆಯಲ್ಲಿ ಹನ್ನೆರಡು ವರ್ಷ ಎಲ್ಲರೂ ಮಾತಾಡಿದರು ದೇವಿ, ನನ್ನೊಡನೆ ಯಾರೂ ಮಾತಾಡಲಿಲ್ಲ."

ಇದ್ದಷ್ಟು ಜನ ತಿರುಗಿ ನೋಡಿದರು. ಮಗಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಪರದೆಯ ಮೇಲೆ ಹೀರೋ ದೊಡ್ಡದೊಂದು ಉಸಿರು ಬಿಟ್ಟು, "ಸಾರಿ" ಅಂದ.

ಅಷ್ಟೇ.

ನಾನು ಕುರ್ಚಿಯಲ್ಲಿ ಕುಸಿದೆ. ಮಾತೂ ಹೋಯಿತು, ಬೀಗರ ಮುಂದೆ ಮಾನವೂ ಹೋಯಿತು. ಹೊರಗೆ ಹೋಗಿಬಿಡಲೇ ಎಂದು ಏಳುವಷ್ಟರಲ್ಲಿ ಬೀಗತಿ ನನ್ನ ಕಡೆ ಬಾಗಿದರು. ಅವರ ಮುಖದಲ್ಲಿ ನಗು ಇರಲಿಲ್ಲ.

"ಬೀಗರ, ಅವಗ ಕೇಳಿಸಿಲ್ಲ ಅನಸ್ತೈತಿ," ಅಂದರು. "ಇನ್ನೊಮ್ಮೆ ಹೇಳ್ರಿ. ಸ್ವಲ್ಪ ಜೋರ."