ಕಾಕಾನ ಬಾಣಂತನ

ನಮ್ಮ ಕಾಕಾನಿಗೆ ಮದುವೆಯಾಗಿಲ್ಲ. ಆದರೂ ಹೋದ ಚಳಿಗಾಲದಲ್ಲಿ ಅವರು ಬಾಣಂತಿಯಾದರು! ನಗಬೇಡಿ, ನನ್ನ ಡೈರಿಯಲ್ಲಿ ತಾರೀಖಿನ ಸಮೇತ ದಾಖಲೆಯಿದೆ.

ಉಗಾರದ ಹತ್ತಿರ ನಮ್ಮ ಹೊಲದಲ್ಲಿ ಕಬ್ಬಿನ ಕಟಾವು ನಡೆದಿತ್ತು. ಯಾರದೋ ಕೋಳಿ ಕಬ್ಬಿನೊಳಗೆ ಕದ್ದು ಕಾವಿಗೆ ಕೂತಿತ್ತು. ಅದನ್ನು ನಾಯಿ ಹೊತ್ತೊಯ್ದಿತು. ಎಂಟು ಮೊಟ್ಟೆ ಉಳಿದವು. ಬೇರೆಯವರಾಗಿದ್ದರೆ ಸಂಜೆಗೆ ಆಮ್ಲೆಟ್! ಕಾಕಾ ಟವೆಲಿನಲ್ಲಿ ಸುತ್ತಿ ಮನೆಗೆ ತಂದರು. ನಮ್ಮದೋ ಜೈನರ ಮನೆ. ಗೆಡ್ಡೆ ತಿನ್ನುವುದಿಲ್ಲ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅಂಥ ಮನೆಯ ಬಾಗಿಲಿಗೆ ಮೊಟ್ಟೆ!

ಅಜ್ಜಿಯನ್ನು ನಾವು ಆಯಿ ಎನ್ನುತ್ತೇವೆ. ಆಯಿ ಹೊಸ್ತಿಲಲ್ಲೇ ತಡೆದರು.

"ಏ ಖೋಡಿ, ಅವು ಒಳಗ ಬಂದ್ರ ನಾ ಹೊರಗ ಹೋಗ್ತೀನಿ!"

"ಅವ್ವಾ, ಅದರಾಗ ಜೀವ ಅದಾವ. ಒಗದ್ರ ಹಿಂಸಾ ಅಲ್ಲೇನ?"

ಅಹಿಂಸೆಯ ಪಾಠ ಹೇಳಿಕೊಟ್ಟವರೇ ಆಯಿ. ಹಿತ್ತಿಲ ಕಡೆ ಕೈ ಮಾಡಿದರು. "ಟ್ರ್ಯಾಕ್ಟರ್ ಶೆಡ್ಡಿನ್ಯಾಗ ಇಡು. ನನ್ನ ಕಣ್ಣಿಗೆ ಬೀಳಬಾರದು."

ಹಿಂದಿನ ಮನೆಯ ಶಾಂತವ್ವ ಕೋಳಿ ಸಾಕುತ್ತಾಳೆ. ಅವಳ ಒಂದು ಕೋಳಿಯೂ ಆಗ ಕಾವಿಗೆ ಕೂತಿರಲಿಲ್ಲ. ಸರಿ, ಕಾಕಾ ಮೊಬೈಲಿನಲ್ಲಿ ವಿಡಿಯೋ ನೋಡಿ ಥರ್ಮಾಕೋಲ್ ಡಬ್ಬಿ, ಬಲ್ಬು, ನೀರಿನ ಬಟ್ಟಲು ಹೊಂದಿಸಿದರು. ಇಲ್ಲಿಯವರೆಗೆ ಎಲ್ಲರೂ ಮಾಡುವುದೇ. ಆದರೆ ಬಟ್ಟಲಿನ ನೀರನ್ನು ಬಟ್ಟೆಯಲ್ಲಿ ಸೋಸುವವರು ಯಾರು? ಬಲ್ಬಿಗೆ ಹುಳ ಬಿದ್ದು ಸತ್ತಾವೆಂದು ಸೊಳ್ಳೆಪರದೆ ಕಟ್ಟುವವರು ಯಾರು? ಶಾಂತವ್ವ ಬಂದು ಹೊಟ್ಟೆ ಹಿಡಿದು ನಕ್ಕಳು.

"ಏನ್ರಿ ಸಾವಕಾರ್ರ, ತತ್ತಿಗೂ ಪರದೇನ್ರಿ? ತೊಟ್ಟಿಲಾ ತರ್ಲೇನು?"

"ತಾರವ್ವಾ, ಹೆಸರಿಡೂದೂ ಐತಿ!"

ದಿನಕ್ಕೆ ಮೂರು ಸಲ ಮೊಟ್ಟೆ ಹೊರಳಿಸಬೇಕು. ಅದಕ್ಕಾಗಿ ಕಾಕಾ ನಿಪ್ಪಾಣಿಯ ಬೀಗರ ಮನೆಯ ಮದುವೆಗೆ ಹೋಗುವುದನ್ನೇ ಬಿಟ್ಟರು! ಬೀಗರ ಫೋನು ಬಂತು.

"ಬರಾಕ ಆಗೂದಿಲ್ರಿ, ಹೊಳ್ಳಸೂದು ಐತಿ."

"ಏನ್ ಹೊಳ್ಳಸ್ತೀರಿ, ರೊಟ್ಟೀನಾ?"

"ಅಲ್ರಿ, ತತ್ತಿ!"

ಮುಗಿಯಿತು! ಮರುದಿನವೇ ಮೂವರು ಬೀಗರು ಹಾಜರು. ನೀರು ಕೇಳುವ ನೆವದಲ್ಲಿ ಒಬ್ಬೊಬ್ಬರಾಗಿ ಅಡುಗೆಮನೆಯನ್ನು ಮೂಸಿ ಬಂದರು. ಕಾಕಾ ಅವರನ್ನು ಶೆಡ್ಡಿಗೆ ಕರೆದೊಯ್ದು, ಕತ್ತಲು ಮಾಡಿ, ಮೊಟ್ಟೆಯೊಂದಕ್ಕೆ ಟಾರ್ಚು ಹಿಡಿದರು. ಒಳಗೆ ಕೆಂಪು ಎಳೆಗಳು, ನಡುವೆ ಮಿಸುಕುವ ಒಂದು ಕಪ್ಪು ಚುಕ್ಕೆ! ಹಿರಿಯ ಬೀಗರು ಹಿಂದೆ ಸರಿದು ಸದ್ದಿಲ್ಲದೆ ಚಪ್ಪಲಿ ಕಳಚಿದರು.

ಕೊನೆಗೂ ಆ ಬೆಳಿಗ್ಗೆ ಬಂತು! ಟಕ್ ಟಕ್, ಒಂದು ಒಡೆಯಿತು, ಎರಡು, ಮೂರು! ಕಾಕಾ ಶೆಡ್ಡಿನ ತುಂಬ ಕುಣಿದರು. ಒಂದು ಮೊಟ್ಟೆಯಲ್ಲಿ ಜೀವವಿರಲಿಲ್ಲ. ಆರು ಮರಿ ಹೊರಬಂದವು. ಉಳಿದ ಒಂದು ಜೋಳದ ಕಾಳಿನಷ್ಟು ತೂತು ಮಾಡಿ ಸುಮ್ಮನಾಯಿತು.

"ಕೈ ಹಚ್ಚಬ್ಯಾಡ್ರಿ," ಎಂದಳು ಶಾಂತವ್ವ. "ಸಿಪ್ಪಿ ಕಿತ್ತರ ರಕ್ತ ಬರತೈತಿ. ತಾನ ಬರಬೇಕು."

ಮಧ್ಯಾಹ್ನ ಕಳೆಯಿತು. ತೂತಿನಲ್ಲಿ ಕಾಣುತ್ತಿದ್ದ ಕೊಕ್ಕು ಅಲುಗಾಡುವುದನ್ನು ನಿಲ್ಲಿಸಿತು. ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ ಕಾಕಾ ಒಂದೇ ಮಾತು ಅಂದರು: "ನಾನ ತಂದೆ, ನಾನ ಕೊಂದೆ."

ಆಗ ಆಯಿ ಶೆಡ್ಡಿನೊಳಗೆ ಬಂದರು! ಮಗನನ್ನು ಪಕ್ಕಕ್ಕೆ ಸರಿಸಿ, ನೆಲಕ್ಕೆ ಕೂತು, ಆ ತೂತಿಗೆ ಬಾಯಿ ತಾಗುವಷ್ಟು ಬಾಗಿ ಮೆಲ್ಲಗೆ ಣಮೋಕಾರ ಮಂತ್ರ ಹೇಳತೊಡಗಿದರು. ನಮ್ಮಲ್ಲಿ ಹುಟ್ಟಿದ ಕೂಸಿನ ಕಿವಿಯಲ್ಲಿ ಅದನ್ನು ಹೇಳುತ್ತಾರೆ. ಲೋಕ ಬಿಟ್ಟು ಹೊರಟವರ ಕಿವಿಯಲ್ಲೂ ಹೇಳುತ್ತಾರೆ.

"ಆಯಿ, ಇದು ಬರೂದಕ್ಕೋ ಹೋಗೂದಕ್ಕೋ?" ಎಂದು ಕೇಳಿದೆ.

"ನನಗೇನ ಗೊತ್ತು? ತಾಯಿಲ್ಲದ ಕೂಸು. ಯಾರರೆ ಮಾತಾಡಸಬೇಕಲಾ."

ಆಯಿ ಮತ್ತೆ ಮೊದಲಿನಿಂದ ಶುರುಮಾಡಿದರು. ಕೊಕ್ಕು ಒಮ್ಮೆ ಅಲುಗಿತು.